ಹೊಳೆಯೂ ಸೇತುವೆಯೂ

ಪ್ಯಾರಿಸ್ ಪಟ್ಟಣದ ಓರ್ಸೇ ಸಂಗ್ರಹಾಲಯದಲ್ಲಿ ಒಂದು ಚಿತ್ರವಿದೆ. ಅದರ ಅಗಲ 80 ಸೆಂಟಿಮೀಟರು, ಎತ್ತರ 60ಕ್ಕೆ ತುಸು ಹೆಚ್ಚು. ನಡುಮನೆಯ ಕಿಟಕಿಗಿಂತ ದೊಡ್ಡದಲ್ಲ. ಅದರಲ್ಲಿ ದೇವತೆಗಳಿಲ್ಲ, ಅರಸರಿಲ್ಲ, ಹೇಳಬೇಕಾದ ಕಥೆಯೊಂದೂ ಇಲ್ಲ. ಒಂದು ಹೊಳೆ, ಹೊಳೆಯ ಮೇಲೆ ಒಂದು ಸೇತುವೆ, ಸೇತುವೆಯ ಈಚೆಗೆ ಲಂಗರು ಹಾಕಿ ನಿಂತ ಕೆಲವು ದೋಣಿಗಳು. ಇಷ್ಟೇ ಅದರ ಸಾಮಗ್ರಿ. ಹೆಸರೂ ಅಷ್ಟೇ ಸರಳವಾದುದು: ‘ಅರ್ಜಾಂತೋಯ್ ಸೇತುವೆ’. ಬರೆದವನು ಕ್ಲೋದ್ ಮೊನೆ ಎಂಬ ಫ್ರೆಂಚ್ ಚಿತ್ರಗಾರನು. ಬರೆದುದು 1874ರಲ್ಲಿ, ಅವನ ಮೂವತ್ತಮೂರನೆಯ ವಯಸ್ಸಿನಲ್ಲಿ.

ಇಷ್ಟು ಅಲ್ಪವಾದ ವಸ್ತುವನ್ನುಳ್ಳ ಚಿತ್ರವನ್ನು ನೋಡುವುದಕ್ಕೆ ದೇಶದೇಶಗಳಿಂದ ಜನರು ಬರುತ್ತಾರೆಂದರೆ, ಅದರಲ್ಲಿ ಏನಿದೆ ಎಂದು ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅದರಲ್ಲಿ ಏನಿಲ್ಲ ಎಂಬ ಪ್ರಶ್ನೆಯನ್ನು ಕೇಳುವವರು ಕಡಮೆ. ಅದಕ್ಕೆ ಉತ್ತರವನ್ನು ಹುಡುಕುವುದೂ ಹೆಚ್ಚು ಕಷ್ಟ. ಆದರೂ ಮೊದಲನೆಯದನ್ನು ನೋಡದೆ ಎರಡನೆಯದಕ್ಕೆ ಹೋಗುವಂತಿಲ್ಲ.

ಅರ್ಜಾಂತೋಯ್ ಎಂಬುದು ಪ್ಯಾರಿಸಿನ ವಾಯವ್ಯ ದಿಕ್ಕಿನಲ್ಲಿ ಸೇನ್ ನದಿಯ ದಂಡೆಯ ಮೇಲಿರುವ ಊರು. ಪಟ್ಟಣವನ್ನು ದಾಟಿದ ಮೇಲೆ ಆ ನದಿಯು ಸಮುದ್ರಕ್ಕೆ ಹೋಗಿ ಸೇರುವ ಆತುರವನ್ನೇನೂ ತೋರಿಸದೆ ಹಾವಿನಂತೆ ಬಳಸಿ ಬಳಸಿ ಹರಿಯುತ್ತದೆ. ಅಂಥ ಒಂದು ಬಳಸಿನಲ್ಲಿ ಈ ಊರಿದೆ. ಹಿಂದೆ ದ್ರಾಕ್ಷಿಯ ತೋಟಗಳಿಂದ ಹೆಸರಾಗಿದ್ದ ಇಲ್ಲಿಗೆ 1851ರಲ್ಲಿ ರೈಲು ಬಂದಿತು. ರೈಲಿನ ಬೆನ್ನಿಗೆ ಕಾರ್ಖಾನೆಗಳು ಬಂದುವು. ಭಾನುವಾರದ ವಿಹಾರಕ್ಕೆಂದು ಪಟ್ಟಣಿಗರೂ ಬಂದರು. ಹೊಳೆಯು ಇಲ್ಲಿ ಅಗಲವಾಗಿ ಹರಿಯುವುದರಿಂದ ಹಾಯಿದೋಣಿಗಳ ಪಂದ್ಯಗಳಿಗೆ ಈ ಸ್ಥಳವು ಪ್ರಸಿದ್ಧವಾಯಿತು. ಮೊನೆಯು 1871ರ ಡಿಸೆಂಬರ್ ತಿಂಗಳಲ್ಲಿ ಹೆಂಡತಿ ಕಮೀಯ್ ಮತ್ತು ಚಿಕ್ಕ ಮಗನೊಡನೆ ಬಂದು ಇಲ್ಲಿ ಮನೆ ಹಿಡಿದನು. 1878ರ ಆದಿಯವರೆಗೆ ಇಲ್ಲಿಯೇ ಇದ್ದನು. ಊರಿಗೆ ಎರಡು ಸೇತುವೆಗಳು. ಗಾಡಿಗಳೂ ಪಾದಚಾರಿಗಳೂ ದಾಟುವುದು ಒಂದು, ರೈಲು ದಾಟುವುದು ಇನ್ನೊಂದು. 1874ನೆಯ ಒಂದೇ ವರ್ಷದಲ್ಲಿ ಅವನು ಮೊದಲನೆಯದನ್ನು 7 ಸಲವೂ ಎರಡನೆಯದನ್ನು 4 ಸಲವೂ ಬರೆದನು. ಒಂದೇ ಸೇತುವೆಯನ್ನು ಏಳು ಸಲ ಬರೆಯುವವನ ಕಣ್ಣು ಬರಿಯ ಸೇತುವೆಯ ಮೇಲೆ ಮಾತ್ರ ಇದ್ದಿರಲಾರದು. ಇವುಗಳಲ್ಲಿ ಒಂದು ಅಮೆರಿಕದ ವಾಷಿಂಗ್ಟನ್ ನಗರದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಓರ್ಸೇ ಸಂಗ್ರಹಾಲಯದ ಚಿತ್ರವು ಇಲ್ಲಿಯ ವಿಷಯ.

ಚಿತ್ರದ ಬಲಗಡೆಯಿಂದ ಸೇತುವೆಯು ಕಮಾನು ಕಮಾನಾಗಿ ಒಳಕ್ಕೆ ಸಾಗಿ ಆಚೆಯ ದಂಡೆಯನ್ನು ಮುಟ್ಟುತ್ತದೆ. ಅದರ ಕೊನೆಯಲ್ಲಿ ಸುಂಕದ ಮನೆ. ಅದರ ಮಾಡು ಬಿಸಿಲಿಗೆ ಕೆಂಪೇರಿದೆ. ಮುಂಭಾಗದ ನೀರಿನ ಮೇಲೆ ದೋಣಿಗಳು ಹಾಯಿಗಳನ್ನು ಸುತ್ತಿಕೊಂಡು ವಿಶ್ರಮಿಸುತ್ತಿವೆ. ಅವುಗಳ ಕಂಬಗಳು ನೆಟ್ಟಗೆ ಆಕಾಶವನ್ನು ಸೀಳಿಕೊಂಡು ನಿಂತಿವೆ. ಮೇಲೆ ನೀಲಿಯಾಕಾಶ, ಅಲ್ಲಲ್ಲಿ ಬಿಳಿಯ ಮುಗಿಲು. ಕೆಳಗೆ ಅದೇ ಆಕಾಶವು ನೀರಿನಲ್ಲಿ ಚೂರುಚೂರಾಗಿ ಬಿದ್ದಿದೆ. ಮನುಷ್ಯರಿಗೆ ಇಲ್ಲಿ ಪ್ರಾಧಾನ್ಯವಿಲ್ಲ. ಗಾಳಿಯೂ ಹೆಚ್ಚಾಗಿಲ್ಲ. ಬೇಸಗೆಯ ಒಂದು ಹಗಲು ತನಗೆ ತಾನೇ ಸಾಕೆಂದುಕೊಂಡು ಕುಳಿತಿರುವಂತೆ ತೋರುತ್ತದೆ.

ಇದು ದೂರದಿಂದ ಕಾಣುವ ಮಾತಾಯಿತು. ಹತ್ತಿರ ಹೋದವನಿಗೆ ಬೇರೆಯೇ ಅನುಭವವಾಗುತ್ತದೆ. ದೋಣಿಗಳ ಒಡಲನ್ನೂ ದಂಡೆಯ ಮರಗಳನ್ನೂ ಸೇತುವೆಯ ಕಂಬಗಳನ್ನೂ ಕುಂಚವು ಸಾಕಷ್ಟು ನಯವಾಗಿ ತಡವಿಕೊಂಡು ಹೋಗಿದೆ. ಆದರೆ ನೀರಿಗೆ ಬಂದೊಡನೆ ಅದರ ನಡೆ ಬದಲಾಗುತ್ತದೆ. ನೀಲಿಯ ಒಂದು ತುಂಡು, ಹಳದಿಯ ಒಂದು ಗೀಟು, ಬಿಳಿಯ ಒಂದು ಹೊಡೆತ, ಪಕ್ಕದಲ್ಲಿ ಹಸುರು. ಒಂದಕ್ಕೊಂದು ಬೆರೆಯದೆ, ಬೆರಸಲೆಳಸದೆ, ಬಿಡಿಬಿಡಿಯಾಗಿ ಬಿದ್ದಿವೆ. ಮೂಗು ತಾಗುವಷ್ಟು ಸಮೀಪದಲ್ಲಿ ಅಲ್ಲಿ ನೀರು ಎಂಬ ಪದಾರ್ಥವೇ ಇಲ್ಲ. ಬಣ್ಣದ ಗಟ್ಟಿಗಳು ಮಾತ್ರ ಇವೆ. ಹತ್ತು ಹೆಜ್ಜೆ ಹಿಂದಕ್ಕೆ ಸರಿದರೆ ಅದೇ ಗಟ್ಟಿಗಳು ಕರಗಿ, ತೆರೆಯಾಗಿ, ತೆರೆಯ ಮೇಲಣ ಬೆಳಕಾಗಿ, ಹರಿಯಲಾರಂಭಿಸುತ್ತವೆ. ಇದು ಎಷ್ಟು ಸಲ ಮುಂದೆ ಹೋಗಿ ಹಿಂದೆ ಬಂದರೂ ತಪ್ಪದೆ ನಡೆಯುವ ವಿಸ್ಮಯ.

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವನಿಗೆ ಇಲ್ಲಿ ಒಂದು ಹಳೆಯ ಪಾಠವು ನೆನಪಿಗೆ ಬರದಿರದು. ಪ್ರತ್ಯಕ್ಷವು ಎರಡು ಬಗೆ, ನಿರ್ವಿಕಲ್ಪಕವೆಂದೂ ಸವಿಕಲ್ಪಕವೆಂದೂ. ವಸ್ತುವು ಕಣ್ಣಿಗೆ ಬಿದ್ದ ಮೊದಲ ಕ್ಷಣದಲ್ಲಿ, ಇದು ಇಂಥದು, ಇದರ ಹೆಸರು ಇದು, ಎಂಬ ವಿಶೇಷಣಗಳೊಂದೂ ಹತ್ತದೆ ಇರುವ ಬರಿಯ ತೋರಿಕೆಯು ನಿರ್ವಿಕಲ್ಪಕ. ಅನಂತರ, ಇದು ನೀರು, ಇದು ದೋಣಿ, ಎಂದು ತಿಳಿಯುವುದು ಸವಿಕಲ್ಪಕ. ಮೊದಲನೆಯದು ಎಷ್ಟು ಸೂಕ್ಷ್ಮವೆಂದರೆ, ಅದು ಉಂಟೆಂಬುದನ್ನು ನೈಯಾಯಿಕರು ಅನುಮಾನದಿಂದ ಸಾಧಿಸಬೇಕಾಯಿತು. ಯಾರಿಗೂ ಅದನ್ನು ಹಿಡಿದು ತೋರಿಸಲು ಆಗಲಿಲ್ಲ. ಅರ್ಜಾಂತೋಯ್‌ನ ಈ ಚಿತ್ರಗಾರನು ತರ್ಕಶಾಸ್ತ್ರದ ಗಂಧವಿಲ್ಲದೆಯೇ ಆ ಮೊದಲ ಕ್ಷಣವನ್ನು ಬಟ್ಟೆಯ ಮೇಲೆ ಹಿಡಿದಿಡಲು ಹವಣಿಸಿರುವನು. ಸಮೀಪದಲ್ಲಿ ಹೆಸರಿಲ್ಲದ ತೋರಿಕೆ, ದೂರದಲ್ಲಿ ಹೆಸರುಳ್ಳ ವಸ್ತು. ನಡುವಣ ಹತ್ತು ಹೆಜ್ಜೆಗಳಲ್ಲಿ ನೋಡುವವನ ಮನಸ್ಸೇ ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳುತ್ತದೆ. ನೈಯಾಯಿಕನು ಒಪ್ಪದಿರಬಹುದು, ಒಪ್ಪದಿರುವುದು ಅವನ ಸ್ವಧರ್ಮವೇ ಸರಿ.

ಭಾರತೀಯ ಚಿತ್ರಶಾಸ್ತ್ರಕ್ಕೂ ಈ ಹಂಬಲವು ಅಪರಿಚಿತವಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಅಲೆ, ಜ್ವಾಲೆ, ಹೊಗೆ ಮೊದಲಾದ ನಿಲ್ಲದ ವಸ್ತುಗಳನ್ನು ಗಾಳಿಯ ಚಲನೆಗೆ ತಕ್ಕಂತೆ ಬರೆಯುವುದನ್ನು ಚಿತ್ರವನ್ನು ಬಲ್ಲವನ ಲಕ್ಷಣವಾಗಿ ಎಣಿಸಿದೆ. ನಿಲ್ಲದುದನ್ನು ನಿಲ್ಲಿಸುವುದು ಸುಲಭವಲ್ಲವೆಂಬುದು ಎಲ್ಲ ದೇಶದ ಚಿತ್ರಗಾರರಿಗೂ ಗೊತ್ತಿದ್ದ ಸಂಗತಿ.

ಫ್ರೆಂಚರಿಗೆ ಈ ಕೆಲಸದಲ್ಲಿ ಕಾಲವೂ ನೆರವಾಯಿತು. ಹಿಂದೆ ಚಿತ್ರಗಾರರು ತಮ್ಮ ಕೊಠಡಿಯಲ್ಲಿ ಬಣ್ಣವನ್ನು ಎಣ್ಣೆಯೊಡನೆ ಅರೆದು, ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಹೊರಗೆ ಹೊತ್ತುಕೊಂಡು ಹೋಗುವುದು ತೊಡಕಿನ ಕೆಲಸವಾಗಿತ್ತು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಗಾರನು ಹಿಸುಕಿದರೆ ಬಣ್ಣ ಬರುವ ತಗಡಿನ ಕೊಳವೆಗೆ ಸನ್ನದು ಪಡೆದನು. ಆ ಮೇಲೆ ಚಿತ್ರಗಾರನು ಬಣ್ಣದ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊಳೆಯ ದಂಡೆಗೆ ಹೋಗಿ, ಕಂಡಲ್ಲಿಯೇ ಕುಳಿತು, ಕಂಡಾಗಲೇ ಬರೆಯುವುದು ಸಾಧ್ಯವಾಯಿತು. ರಸಾಯನಶಾಸ್ತ್ರಜ್ಞರು ಆ ಶತಮಾನದಲ್ಲಿ ಹೊಸ ನೀಲಿಗಳನ್ನೂ ಹಸುರುಗಳನ್ನೂ ಕೊಟ್ಟರು. ಶೆವ್ರಲ್ ಎಂಬ ವೃದ್ಧ ಪಂಡಿತನು, ಬಟ್ಟೆಗೆ ಬಣ್ಣ ಕಟ್ಟುವ ಸರಕಾರಿ ಕಾರ್ಖಾನೆಯ ಅಧಿಕಾರಿಯಾಗಿದ್ದವನು, ಒಂದು ಬಣ್ಣವು ತನ್ನ ನೆರೆಯ ಬಣ್ಣದಿಂದ ಹೇಗೆ ಬೇರೆಯಾಗಿ ಕಾಣುತ್ತದೆಂಬುದನ್ನು 1839ರಲ್ಲಿಯೇ ಗ್ರಂಥರೂಪದಲ್ಲಿ ವಿವರಿಸಿದ್ದನು. ಕಿತ್ತಳೆ ಬಣ್ಣದ ಮಗ್ಗುಲಲ್ಲಿ ನೀಲಿಯು ಹೆಚ್ಚು ನೀಲಿಯಾಗುತ್ತದೆ. ಸುಂಕದ ಮನೆಯ ಮಾಡಿಗೂ ಹೊಳೆಯ ನೀರಿಗೂ ಇರುವ ಸಂಬಂಧವು ಇದೇ. ಮೊನೆಯು ಇನ್ನೂ ಒಂದು ಉಪಾಯವನ್ನು ಮಾಡಿಕೊಂಡನು. ಒಂದು ದೋಣಿಯ ಮೇಲೆ ಸಣ್ಣ ಮನೆಯಂತೆ ಮಾಡು ಕಟ್ಟಿಸಿ, ಅದನ್ನೇ ತನ್ನ ಚಿತ್ರಶಾಲೆಯನ್ನಾಗಿ ಮಾಡಿ, ಹೊಳೆಯ ಮೇಲೆಯೇ ತೇಲುತ್ತ ಹೊಳೆಯನ್ನು ಬರೆದನು. ಅವನ ಸ್ನೇಹಿತನಾದ ಮಾನೆ 1874ರಲ್ಲಿ ಅವನನ್ನು ಆ ದೋಣಿಯಲ್ಲಿ ಕುಳಿತಿರುವಂತೆಯೇ ಬರೆದ ಚಿತ್ರವು ಮ್ಯೂನಿಕ್ ನಗರದಲ್ಲಿದೆ. ಮಾನೆಯೇ ಬೇರೆ, ಮೊನೆಯೇ ಬೇರೆ; ವಾಚಕರು ಇದನ್ನು ಅಚ್ಚಿನ ದೋಷವೆಂದು ತಿಳಿಯಬಾರದು. ಆ ಕಾಲದ ಪ್ಯಾರಿಸಿನವರೇ ಈ ಇಬ್ಬರ ಹೆಸರುಗಳಲ್ಲಿ ತೊಡಕಿಕೊಂಡಿದ್ದರು.

ಈ ಬಗೆಯ ಚಿತ್ರಗಾರರಿಗೆ ಇಂಪ್ರೆಷನಿಸ್ಟರೆಂಬ ಹೆಸರು ಬಂದುದು ಅದೇ ವರ್ಷದಲ್ಲಿ, ಅದೂ ಪರಿಹಾಸದಿಂದ. ಸರಕಾರದ ವಾರ್ಷಿಕ ಪ್ರದರ್ಶನದಲ್ಲಿ ತಮಗೆ ನ್ಯಾಯ ದೊರೆಯದೆಂದು ಬೇಸತ್ತ ಸುಮಾರು ಮೂವತ್ತು ಮಂದಿ ಚಿತ್ರಗಾರರು ತಾವೇ ಒಂದು ಸಂಘವನ್ನು ಕಟ್ಟಿಕೊಂಡು, 1874ರ ಏಪ್ರಿಲ್ 15ರಿಂದ ಒಂದು ತಿಂಗಳ ಕಾಲ ತಮ್ಮ ಕೃತಿಗಳನ್ನು ತೋರಿಸಿದರು. ಅಲ್ಲಿ ಮೊನೆಯ ‘ಇಂಪ್ರೆಷನ್: ಸೂರ್ಯೋದಯ’ ಎಂಬ ಚಿತ್ರವೂ ಇತ್ತು. ಶಾರಿವಾರಿ ಎಂಬ ಹಾಸ್ಯಪತ್ರಿಕೆಯಲ್ಲಿ ಲೂಯಿ ಲೆರ್ವಾ ಎಂಬವನು ಆ ಶಬ್ದವನ್ನೇ ಹಿಡಿದುಕೊಂಡು ಇಡೀ ಗುಂಪನ್ನು ಅಣಕಿಸಿದನು. ಅಣಕದ ಹೆಸರೇ ಬಿರುದಾಯಿತು; ಅಣಕಿಸಿದವನ ಹೆಸರು ಈಗ ಆ ಒಂದು ಲೇಖನದಿಂದಲೇ ಉಳಿದಿದೆ. ಆದರೆ ಬಿರುದು ಹೊಟ್ಟೆಗೆ ಆಗಲಿಲ್ಲ. ವರ್ಷದ ಕೊನೆಗೆ ಸಂಘವು ಸಾಲದಲ್ಲಿ ಬಿದ್ದು ವಿಸರ್ಜಿತವಾಯಿತು. ಪ್ರದರ್ಶನವು ಮುಗಿದ ಬೆನ್ನಿಗೆ ಬಂದ ಬೇಸಗೆಯಲ್ಲಿ, ನಗೆಯ ಸದ್ದು ಇನ್ನೂ ಕಿವಿಯಲ್ಲಿರುವಾಗಲೇ, ಮೊನೆಯು ಸೇತುವೆಯ ಮುಂದೆ ಕುಳಿತಿದ್ದನು.

ಇನ್ನು ಚಿತ್ರದಲ್ಲಿ ಇಲ್ಲದುದರ ಮಾತು.

ಬಿಸಿಲಿನಲ್ಲಿ ಇಷ್ಟು ನಿಶ್ಚಿಂತೆಯಿಂದ ನಿಂತಿರುವ ಈ ಸೇತುವೆಯು ನಾಲ್ಕು ವರ್ಷಗಳ ಹಿಂದೆ ಮುರಿದುಬಿದ್ದಿತ್ತು. 1870ರ ಜುಲೈ 19ರಂದು ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವು ತೊಡಗಿತು. ಸೆಪ್ಟೆಂಬರ್ ತಿಂಗಳ ಆದಿಯಲ್ಲಿ ಫ್ರೆಂಚರ ಚಕ್ರವರ್ತಿಯೇ ಸೆದಾನಿನಲ್ಲಿ ಶತ್ರುವಿಗೆ ಸೆರೆಸಿಕ್ಕಿದನು. ಆ ತಿಂಗಳ ಮಧ್ಯದಿಂದ ಮುಂದಿನ ಜನವರಿಯ ಕೊನೆಯವರೆಗೆ ಪ್ಯಾರಿಸಿಗೆ ಮುತ್ತಿಗೆ. ನಗರದ ಜನರು ಕುದುರೆಗಳನ್ನೂ ಇಲಿಗಳನ್ನೂ ತಿಂದು ಜೀವ ಹಿಡಿದುಕೊಂಡರು. ಅದು ಮುಗಿಯಿತೆನ್ನುವಷ್ಟರಲ್ಲಿ 1871ರ ವಸಂತದಲ್ಲಿ ಪಟ್ಟಣದೊಳಗೇ ಅಂತಃಕಲಹವೆದ್ದು, ಮೇ ತಿಂಗಳ ಒಂದೇ ವಾರದಲ್ಲಿ ಸಹಸ್ರಾರು ಜನರು ತಮ್ಮವರ ಕೈಯಿಂದಲೇ ಸತ್ತರು. ಈ ಯುದ್ಧಕಾಲದಲ್ಲಿಯೇ ಅರ್ಜಾಂತೋಯ್‌ನ ಎರಡು ಸೇತುವೆಗಳೂ ನಾಶವಾದುವು. ಮೊನೆಯು ಊರಿಗೆ ಬಂದಾಗ ಅವುಗಳ ಪುನರ್ನಿರ್ಮಾಣವು ನಡೆಯುತ್ತಿತ್ತು. 1872ರಲ್ಲಿ ಅವನು ಬರೆದ ಚಿತ್ರವೊಂದರಲ್ಲಿ ಇದೇ ಸೇತುವೆಯು ಮರದ ಸಾರವೆಗಳ ನಡುವೆ, ಮುರಿದ ಕಾಲಿಗೆ ದಬ್ಬೆ ಕಟ್ಟಿಸಿಕೊಂಡವನಂತೆ ನಿಂತಿರುವುದನ್ನು ಕಾಣಬಹುದು. 1874ರ ಚಿತ್ರದಲ್ಲಿ ದಬ್ಬೆಯಿಲ್ಲ, ಗಾಯದ ಗುರುತಿಲ್ಲ. ತಿಳಿಯದವನು ನೋಡಿದರೆ ಈ ದಂಡೆಗೆ ಯುದ್ಧವೆಂಬುದು ಎಂದೂ ಬಂದಿರಲಿಲ್ಲವೆಂದೇ ನಂಬುವನು.

ಯುದ್ಧವು ನಡೆಯುವಾಗ ಮೊನೆಯು ದೇಶದಲ್ಲಿರಲಿಲ್ಲ. 1870ರ ಶರತ್ಕಾಲದಲ್ಲಿ, ಸೈನ್ಯಕ್ಕೆ ಸೇರಬೇಕಾದೀತೆಂಬ ಭಯದಿಂದ, ಹೊಸದಾಗಿ ಮದುವೆಯಾದ ಹೆಂಡತಿಯನ್ನೂ ಮೂರು ವರ್ಷದ ಮಗನನ್ನೂ ಕಾಪಾಡಿಕೊಳ್ಳಬೇಕೆಂಬ ಹಂಬಲದಿಂದ, ಅವನು ಲಂಡನ್ ನಗರಕ್ಕೆ ಹೊರಟುಹೋದನು. ಅಲ್ಲಿ ಥೇಮ್ಸ್ ನದಿಯ ಮಂಜನ್ನು ಬರೆದನು. ಟರ್ನರ್, ಕಾನ್‌ಸ್ಟೆಬಲ್ ಮೊದಲಾದವರ ಚಿತ್ರಗಳನ್ನು ನೋಡಿದನು. ಮುಂದೆ ತನ್ನ ಚಿತ್ರಗಳನ್ನು ಕೊಂಡು ಕಾಪಾಡಿದ ದ್ಯುರಾಂ-ರುಯೆಲ್ ಎಂಬ ವರ್ತಕನ ಪರಿಚಯವನ್ನೂ ಸಂಪಾದಿಸಿದನು. ಅವನ ಸ್ನೇಹಿತರೆಲ್ಲರೂ ಹಾಗೆ ಹೊರಡಲಿಲ್ಲ. ಫ್ರೆದೆರಿಕ್ ಬಜೀಲ್ ಎಂಬವನು ತಾನಾಗಿ ಸೈನ್ಯಕ್ಕೆ ಸೇರಿದನು.

ಬಜೀಲನ ವಿಷಯವನ್ನು ತುಸು ನಿಧಾನವಾಗಿಯೇ ಹೇಳಬೇಕು. ಅವನು ದಕ್ಷಿಣ ದೇಶದ ಮೋಂಪೆಲಿಯೇ ನಗರದ ಸ್ಥಿತಿವಂತರ ಮನೆಯ ಹುಡುಗ. ವೈದ್ಯವನ್ನು ಓದಲು ಬಂದು ಚಿತ್ರಕ್ಕೆ ಮನಸೋತವನು. ನೀಳವಾದ ಮೈ, ಮೃದುವಾದ ನಡತೆ. ಮೊನೆಯೊಡನೆ ಒಂದೇ ಗುರುವಿನ ಚಿತ್ರಶಾಲೆಯಲ್ಲಿ ಕಲಿತನು. ತನ್ನ ಕೊಠಡಿಯಲ್ಲಿ ಅವನಿಗೆ ಜಾಗ ಕೊಟ್ಟನು. 1867ರಲ್ಲಿ ಮೊನೆಯ ‘ತೋಟದಲ್ಲಿ ಸ್ತ್ರೀಯರು’ ಎಂಬ ದೊಡ್ಡ ಚಿತ್ರವನ್ನು ಸರಕಾರದ ಪ್ರದರ್ಶನದವರು ತಿರಸ್ಕರಿಸಿದಾಗ, ಬಜೀಲನು ಅದನ್ನು 2500 ಫ್ರಾಂಕುಗಳಿಗೆ ಕೊಂಡು, ತಿಂಗಳಿಗೆ 50 ಫ್ರಾಂಕುಗಳಂತೆ ಸಲ್ಲಿಸುತ್ತ ಬಂದನು. ಕೊಟ್ಟುದು ಬೆಲೆಯೆಂಬ ನೆವದಲ್ಲಿ. ನಡೆದುದು ಸ್ನೇಹಿತನ ಮನೆಯ ಒಲೆಯನ್ನು ಉರಿಸುವ ಕೆಲಸ. ಆ ಕಂತು ತಡವಾದಾಗ ಮೊನೆಯು ಬರೆದ ಕಾಗದಗಳಲ್ಲಿ ಕೃತಜ್ಞತೆಗಿಂತ ಕಟುವಾದ ಮಾತುಗಳೇ ಹೆಚ್ಚಾಗಿದ್ದುವೆಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ. ಹಸಿದವನ ನಾಲಗೆಗೆ ಸವಿ ಎಲ್ಲಿಂದ ಬರಬೇಕು? ಸರಕಾರದ ಪ್ರದರ್ಶನವನ್ನು ಬಿಟ್ಟು ತಾವೇ ಬೇರೊಂದು ಪ್ರದರ್ಶನವನ್ನು ಏರ್ಪಡಿಸಬೇಕೆಂಬ ಯೋಚನೆಯನ್ನು ಬಜೀಲನು ಅದೇ 1867ರಲ್ಲಿ ತನ್ನ ಮನೆಯವರಿಗೆ ಬರೆದಿದ್ದನು. ಹಣ ಸಾಲದೆ ಆಗ ಅದು ನಿಂತುಹೋಯಿತು.

1870ರ ನವೆಂಬರ್ 28ರಂದು ಬೋನ್-ಲಾ-ರೊಲಾಂದ್ ಎಂಬ ಊರಿನ ಹತ್ತಿರ ನಡೆದ ಕಾಳಗದಲ್ಲಿ ಬಜೀಲನು ಗುಂಡು ತಗಲಿ ಸತ್ತನು. ಇಪ್ಪತ್ತೊಂಬತ್ತು ತುಂಬಲು ಕೆಲವು ದಿನಗಳು ಉಳಿದಿದ್ದುವು. ಅವನ ತಂದೆಯು ಚಳಿಗಾಲದ ಆ ರಣಭೂಮಿಗೆ ತಾನೇ ಹೋಗಿ, ಹುಡುಕಿ, ಮಗನ ದೇಹವನ್ನು ಊರಿಗೆ ತಂದನು. ಬಜೀಲನು ಎಣಿಸಿದ್ದ ಪ್ರದರ್ಶನವು 1874ರಲ್ಲಿ ನಡೆಯಿತು, ಅವನು ಅಲ್ಲಿರಲಿಲ್ಲ. ಅದೇ ವರ್ಷದ ಬೇಸಗೆಯಲ್ಲಿ, ಯುದ್ಧದಿಂದ ತಪ್ಪಿಸಿಕೊಂಡವನು, ಯುದ್ಧದಲ್ಲಿ ಮುರಿದು ಮತ್ತೆ ಎದ್ದ ಸೇತುವೆಯ ಮುಂದೆ ಕುಳಿತು ನೀಲಿ ನೀರನ್ನು ಬರೆದನು.

ಇದನ್ನು ತಿಳಿದ ಮೇಲೆ ಚಿತ್ರವು ಮೊದಲಿನಂತೆ ಕಾಣುವುದೆ? ಕೆಲವರು ಇದನ್ನು ಕಟುವಾಗಿಯೇ ನೋಡಿರುವರು. ದೇಶವು ಸೋತು, ಊರುಗಳು ಸುಟ್ಟು, ಗೆಳೆಯನು ಮಣ್ಣಾಗಿರುವಾಗ, ಹಾಯಿದೋಣಿಗಳನ್ನೂ ಬಿಸಿಲನ್ನೂ ಬರೆದುಕೊಂಡು ಕುಳಿತುದು ಕಣ್ಣುಮುಚ್ಚಾಲೆಯಲ್ಲವೆ ಎಂಬುದು ಅವರ ಆಕ್ಷೇಪ. ಅರ್ಜಾಂತೋಯ್‌ನ ಕಾರ್ಖಾನೆಗಳ ಹೊಗೆಕೊಳವೆಗಳನ್ನೂ ಅವನು ಬೇಕಾದಲ್ಲಿ ಬರೆದು ಬೇಡವಾದಲ್ಲಿ ಮರೆಮಾಡಿದನೆಂದು ಅದಕ್ಕೆ ಇನ್ನೊಂದು ಸಾಕ್ಷ್ಯವನ್ನು ಸೇರಿಸುವರು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆನಂದವನ್ನು ಮಾತ್ರ ಬರೆಯುವವನು ಸುಳ್ಳುಗಾರನಾಗುವ ಅಪಾಯವು ಯಾವಾಗಲೂ ಇದ್ದೇ ಇದೆ. ಈ ಗುಂಪಿನವರ ಕೆಲವು ಚಿತ್ರಗಳು ಆ ಅಪಾಯಕ್ಕೆ ಈಡಾಗಿಯೂ ಇವೆ.

ಆದರೆ ಈ ಚಿತ್ರಕ್ಕೆ ಆ ಆಕ್ಷೇಪವು ಸಲ್ಲುವುದೆಂದು ಹೇಳುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಕಾರಣವು ನೀರಿನಲ್ಲಿದೆ. ಸೇತುವೆಯನ್ನು ಇವನು ಗಟ್ಟಿಯಾಗಿ ಬರೆದನು. ಕಂಬಗಳಿಗೆ ಕಲ್ಲಿನ ಭಾರವಿದೆ, ದೋಣಿಗಳಿಗೆ ಮರದ ನಯವಿದೆ. ಮನುಷ್ಯನು ಕಟ್ಟಿದುದೆಲ್ಲವೂ ಇಲ್ಲಿ ಇಡಿಯಾಗಿದೆ. ಒಡೆದಿರುವುದು ನೀರು ಒಂದೇ. ಆ ಗಟ್ಟಿಯಾದ ಕಂಬಗಳೇ ಹೊಳೆಗೆ ಇಳಿದೊಡನೆ ಚೂರುಚೂರಾಗುತ್ತವೆ. ಮೇಲೆ ನಿಂತ ಸೇತುವೆ, ಕೆಳಗೆ ಮುರಿದ ಸೇತುವೆ. ಎರಡೂ ಒಂದೇ ಬಟ್ಟೆಯ ಮೇಲೆ, ಒಂದೇ ಬೆಳಕಿನಲ್ಲಿ. ಚಿತ್ರಗಾರನು ಯುದ್ಧವನ್ನು ನೆನೆದೇ ಹೀಗೆ ಬರೆದನೆಂದು ವಾದಿಸುವುದು ಸಾಹಸವಾದೀತು. ಹೊಳೆಯಲ್ಲಿ ಪ್ರತಿಬಿಂಬವು ಒಡೆಯುವುದು ಎಲ್ಲ ಕಾಲದಲ್ಲಿಯೂ ಉಂಟು, ಅದಕ್ಕೆ ಪ್ರಷ್ಯದ ಸೈನ್ಯವು ಬರಬೇಕಾಗಿಲ್ಲ. ಆದರೆ ಇಲ್ಲಿ ಗಟ್ಟಿಯಾದ ವಸ್ತುಗಳ ಮೇಲೆ ನಂಬಿಕೆಯಿಟ್ಟು ಬರೆದವನ ಕೈಯಂತೂ ಕಾಣುವುದಿಲ್ಲ. ಕಟ್ಟಡವನ್ನು ಒಂದು ಸಲ ಬರೆದು ಮುಗಿಸದೆ, ಅದು ಇದೆಯೇ, ಇನ್ನೂ ಇದೆಯೇ, ಎಂದು ಏಳು ಸಲ ಹೋಗಿ ನೋಡಿದವನ ಕೈಯಿದು.

ಶಾಕುಂತಲದ ಆರನೆಯ ಅಂಕವನ್ನು ಬಲ್ಲವರಿಗೆ ದುಷ್ಯಂತನ ಚಿತ್ರಫಲಕವು ನೆನಪಿರಬೇಕು. ತನ್ನ ಮರೆವಿನಿಂದಲೇ ಹೆಂಡತಿಯನ್ನು ಕಳೆದುಕೊಂಡ ಅರಸನು ಅವಳ ಚಿತ್ರವನ್ನು ಬರೆದಿದ್ದಾನೆ. ಅದು ಅವನಿಗೆ ಸಾಲದು. ಇನ್ನೂ ಬರೆಯಬೇಕಾದುದನ್ನು ಅವನು ವಿದೂಷಕನಿಗೆ ಎಣಿಸಿ ಹೇಳುವಾಗ, ಮೊದಲು ಬರುವುದು ಮಾಲಿನೀ ನದಿ ಮತ್ತು ಅದರ ಮರಳಿನ ಮೇಲಣ ಹಂಸಗಳು. ವ್ಯಕ್ತಿಯನ್ನು ಕಳೆದುಕೊಂಡವನಿಗೆ ಆ ಹೊಳೆಯ ಮೇಲೇಕೆ ಅಷ್ಟು ಆಸೆ? ಕಾಳಿದಾಸನು ವಿವರಿಸುವುದಿಲ್ಲ, ಆ ಕ್ಷಣದಲ್ಲಿ ಅರಸನ ಕಣ್ಣೀರಿಗಿಂತ ಆ ಹೊಳೆಯೇ ಸಹೃದಯನ ಎದೆಯನ್ನು ಹೆಚ್ಚಾಗಿ ಕಲಕುವುದೆಂಬುದು ಮಾತ್ರ ನಿಜ. ದುಷ್ಯಂತನಾದರೂ ತನ್ನ ಅಳಲನ್ನು ಬಾಯಿಬಿಟ್ಟು ಹೇಳಿಕೊಂಡನು. ಅರ್ಜಾಂತೋಯ್‌ನವನು ಹೇಳಲೇ ಇಲ್ಲ. ಸುಂಕದವನ ಮುಂದೆ ಸುಖದುಃಖವನ್ನು ಹೇಳಿಕೊಂಡು ಫಲವಿಲ್ಲವೆಂದು ಕನ್ನಡಿಗರು ಗಾದೆ ಕಟ್ಟಿದ್ದಾರಷ್ಟೆ. ಇವನು ಸುಂಕದ ಮನೆಯ ಮುಂದೆಯೇ ಕುಳಿತು, ಅದರ ಮಾಡಿನ ಮೇಲೆ ಬಿದ್ದ ಬಿಸಿಲನ್ನು ಮಾತ್ರ ಬರೆದು ಸುಮ್ಮನಾದನು.

ಅನಂತರದ ಅವನ ಬಾಳು ದೀರ್ಘವಾದುದು. 1879ರಲ್ಲಿ ಕಮೀಯ್ ತೀರಿಕೊಂಡಳು. ಸಾವಿನ ಹಾಸಿಗೆಯ ಮೇಲೆ ಮಲಗಿದ್ದ ಅವಳನ್ನೂ ಅವನು ಬರೆದನು. ಆ ಚಿತ್ರವೂ ಓರ್ಸೇ ಸಂಗ್ರಹಾಲಯದಲ್ಲಿಯೇ ಇದೆ. ನೀಲಿ, ಬೂದು, ನೇರಿಳೆ ಬಣ್ಣಗಳ ಅಲೆಗಳ ಕೆಳಗೆ ಒಂದು ಮುಖವು ಮುಳುಗುತ್ತಿರುವಂತೆ ಕಾಣುತ್ತದೆ. ಅರ್ಜಾಂತೋಯ್‌ನ ನೀರನ್ನು ನೋಡಿ ಅದನ್ನು ನೋಡಿದವನಿಗೆ ಕುಂಚದ ನಡೆ ಒಂದೇ ಎಂಬುದು ಹೊಳೆಯದೆ ಇರದು. ಮುಂದೆ ಕಣ್ಣಿಗೆ ಪೊರೆ ಬಂದು, 1923ರಲ್ಲಿ ಶಸ್ತ್ರಚಿಕಿತ್ಸೆಯಾಗಿ, 1926ರ ಡಿಸೆಂಬರ್ 5ರಂದು ಎಂಬತ್ತಾರು ವರ್ಷದ ವೃದ್ಧನಾಗಿ ಅವನು ಕಾಲವಾದನು. ಈ ಸೇತುವೆಯ ಚಿತ್ರವು 1937ರಲ್ಲಿ ರಸಿಕನೊಬ್ಬನ ಮರಣಶಾಸನದ ಮೂಲಕ ಫ್ರೆಂಚ್ ಜನತೆಯ ಸ್ವತ್ತಾಯಿತು.

ಚಿತ್ರದ ಕಥೆಯು ಇಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. 2007ರ ಅಕ್ಟೋಬರ್ 6ರ ರಾತ್ರಿ ಪ್ಯಾರಿಸಿನಲ್ಲಿ ಉತ್ಸವ. ರಾತ್ರಿಯೆಲ್ಲ ಎಚ್ಚರವಿದ್ದು ಕಲೆಯನ್ನು ಸವಿಯಬೇಕೆಂದು ಏರ್ಪಟ್ಟ ಉತ್ಸವವದು. ಬೆಳಗಾಗುವ ಮುನ್ನ, ಮದ್ಯಪಾನದಿಂದ ಮತ್ತರಾದ ಕೆಲವರು ಸಂಗ್ರಹಾಲಯದ ಬಾಗಿಲೊಂದನ್ನು ಮುರಿದು ಒಳನುಗ್ಗಿದರು. ಎಚ್ಚರಿಕೆಯ ಗಂಟೆ ಕೂಗಿತು. ಅವರು ಓಡುವುದಕ್ಕೆ ಮೊದಲು ಒಬ್ಬನು ಈ ಚಿತ್ರಕ್ಕೆ ಗುದ್ದಿದನು. ಬಟ್ಟೆಯು ಸುಮಾರು 10 ಸೆಂಟಿಮೀಟರು ಹರಿಯಿತು. ಕಳವು ಮಾಡುವ ಉದ್ದೇಶವಿರಲಿಲ್ಲ, ಚಿತ್ರಗಾರನ ಮೇಲೆ ಸಿಟ್ಟಿರಲಿಲ್ಲ. ಇಂಥ ಕೆಲಸಕ್ಕೆ ಕಾರಣವನ್ನು ಹುಡುಕುವುದು ವ್ಯರ್ಥ. ನೂರಾರು ಚಿತ್ರಗಳಿರುವ ಆ ಮನೆಯಲ್ಲಿ ಈ ಸೇತುವೆಯ ಚಿತ್ರವೇ ಗುದ್ದಿಗೆ ಸಿಕ್ಕಿತು ಎಂಬುದನ್ನು ಕೇಳಿದಾಗ, ಕೆಲವು ಸೇತುವೆಗಳ ಜಾತಕವೇ ಹೀಗೇನೋ ಎಂದು ಹಳೆಯ ಕಾಲದವರು ನಿಟ್ಟುಸಿರು ಬಿಟ್ಟಾರು.

ಹರಿದ ಚಿತ್ರವನ್ನು ಸರಿಪಡಿಸುವವರ ಕೆಲಸವು ತಿಳಿಯತಕ್ಕುದಾಗಿದೆ. ಅವರು ಬಟ್ಟೆಯನ್ನು ಹೊಲಿಯುವುದಿಲ್ಲ. ಭೂತಗನ್ನಡಿಯ ಕೆಳಗೆ, ತುಂಡಾದ ಒಂದೊಂದು ಎಳೆಯ ಎರಡು ಕೊನೆಗಳನ್ನೂ ಹುಡುಕಿ, ಅದರ ಜೋಡಿಗೆ ಅದನ್ನೇ ತಂದು, ಅಂಟಿನಿಂದ ಕೂಡಿಸುವರು. ಅಂಗುಲದ ಹರುಕಿಗೆ ದಿನಗಟ್ಟಲೆ ಹಿಡಿಯಬಹುದು. ಎಳೆಗಳು ಕೂಡಿದ ಮೇಲೆ ಬಣ್ಣ ಉದುರಿಹೋದ ತಾವನ್ನು ಮಾತ್ರ ಮೆತ್ತಿ ಸಮಮಾಡಿ, ಅಷ್ಟಕ್ಕೆ ಮಾತ್ರ ಹೊಸ ಬಣ್ಣವನ್ನು ಹಚ್ಚುವರು. ಮೂಲದ ಬಣ್ಣವು ಒಂದು ಎಳ್ಳಿನಷ್ಟು ಉಳಿದಿದ್ದರೂ ಅದರ ಮೇಲೆ ಕುಂಚವನ್ನು ಆಡಿಸುವಂತಿಲ್ಲ. ಹಚ್ಚಿದ ಹೊಸ ಬಣ್ಣವೂ, ಮುಂದೆ ಯಾರಾದರೂ ಬೇಕೆಂದಾಗ, ಮೂಲಕ್ಕೆ ನೋವಾಗದಂತೆ ಒರಸಿ ತೆಗೆಯಬಹುದಾದ ಜಾತಿಯದೇ ಆಗಿರಬೇಕು. ಇವರ ಹೆಸರು ಚಿತ್ರದ ಕೆಳಗೆ ಎಲ್ಲಿಯೂ ಬರುವುದಿಲ್ಲ. ಅರ್ಜಾಂತೋಯ್‌ನಲ್ಲಿ ಸಾರವೆ ಕಟ್ಟಿ ಕಲ್ಲಿನ ಮೇಲೆ ಕಲ್ಲಿಟ್ಟವರ ಹೆಸರೂ ಹಾಗೆಯೇ ಯಾವ ಚಿತ್ರದ ಕೆಳಗೂ ಇಲ್ಲ.

ಚಿತ್ರವು ದುರಸ್ತಿಯಾಗಿ ಮರಳಿ ಗೋಡೆಗೆ ಬಂದಿತು. ನೋಡಲು ಬಂದವರು ಈಗಲೂ ಮೊದಲು ಹತ್ತಿರ ಹೋಗುತ್ತಾರೆ, ಆಮೇಲೆ ಹಿಂದಕ್ಕೆ ಸರಿಯುತ್ತಾರೆ. ಹರಿದ ಸ್ಥಳವನ್ನು ಹುಡುಕುವವರೂ ಉಂಟು. ಎಲ್ಲೆಲ್ಲಿಯೂ ಒಡೆದಿರುವ ಬಣ್ಣಗಳ ನಡುವೆ ಮತ್ತೊಂದು ಒಡಕನ್ನು ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. ಅಷ್ಟರಲ್ಲಿ ಹಿಂದಿನಿಂದ ಬೇರೆಯವರು ಬಂದು ನಿಲ್ಲುತ್ತಾರೆ. ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಬೇಕಾಗುತ್ತದೆ.